ಗೋಳಗುಮ್ಮಟದಿಂದ ಟ್ಯಾಬ್ಲೆಟ್ಟಿನವರೆಗೆ

ನಾಲತವಾಡದ ಒಂದು ಮನೆಯ ಪಡಸಾಲೆಯಲ್ಲಿ ಗೀಗೀ ಮೇಳವೊಂದು ಹಾಡಲು ಕುಳಿತಿದೆ ಎಂದಿಟ್ಟುಕೊಳ್ಳಿ. ಮುಂದೆ ದಪ್ಪು ಹಿಡಿದ ಹಾಡುಗಾರ, ಹಿಂದೆ ತುಂತುಣಿಯವರೊಬ್ಬರು, ತಾಳದವರೊಬ್ಬರು. ನಿಮ್ಮ ಕೈಯಲ್ಲಿ ಒಂದು ಟ್ಯಾಬ್ಲೆಟ್ ಇದೆ, ಅದಕ್ಕೆ ಜೋಡಿಸಿದ ಒಂದೋ ಎರಡೋ ಮೈಕುಗಳಿವೆ. ಹಾಡು ಮುಗಿಯುತ್ತದೆ. ನೀವು ಮುದ್ರಿಸಿಕೊಂಡದ್ದನ್ನು ಹಾಕಿ ಕೇಳುತ್ತೀರಿ. ಏನೋ ಕೆಟ್ಟಿದೆ! ದಪ್ಪಿನ ಪೆಟ್ಟು ಎದೆಗೆ ಗುದ್ದುತ್ತದೆ, ತುಂತುಣಿ ಎಲ್ಲಿ ಹೋಯಿತೋ ತಿಳಿಯದು, ಹಾಡುಗಾರನ ಮಾತು ಗೋಡೆಯ ಆಚೆಯಿಂದ ಬಂದಂತಿದೆ. ಎದುರಿಗೆ ಕುಳಿತು ಕೇಳಿದಾಗ ಹೀಗಿರಲಿಲ್ಲವಲ್ಲ?

ಇರಲಿಲ್ಲ, ನಿಜ. ನಿಮ್ಮ ಎರಡು ಕಿವಿಗಳು ಮತ್ತು ಅವುಗಳ ಹಿಂದಿರುವ ಮಿದುಳು ಬೇಕಾದ್ದನ್ನು ಹೆಕ್ಕಿ, ಬೇಡದ್ದನ್ನು ಹಿಂದೆ ಸರಿಸಿ ಕೇಳುತ್ತಿದ್ದವು. ಮೈಕಿಗೆ ಆ ವಿವೇಕವಿಲ್ಲ. ಆದ್ದರಿಂದ ಮುದ್ರಿಸಿದ ಶಬ್ದವನ್ನು ಮತ್ತೆ ಹದಮಾಡಬೇಕು. ಬೇರೆ ಬೇರೆ ದನಿಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವುದು ಮಿಕ್ಸಿಂಗ್. ಬೆರೆಸಿ ಆದದ್ದನ್ನು ತಟ್ಟೆಗೋ ಕ್ಯಾಸೆಟ್ಟಿಗೋ ಇಂಟರ್‌ನೆಟ್ಟಿಗೋ ಒಗ್ಗುವಂತೆ ಕೊನೆಯ ಹದ ಕೊಡುವುದು ಮಾಸ್ಟರಿಂಗ್. ಇಂದು ಈ ಎರಡೂ ಕೆಲಸಗಳನ್ನು ಟ್ಯಾಬ್ಲೆಟ್ಟಿನ ಪುಟ್ಟ ತಂತ್ರಾಂಶಗಳು, ಅಂದರೆ 'ಆಪ್'ಗಳು, ಮಾಡುತ್ತವೆ. ಒಂದು ಆಪ್ ಮಂದ್ರ ಮತ್ತು ತಾರ ಆವೃತ್ತಿಗಳ ಪ್ರಮಾಣವನ್ನು ತಿದ್ದುತ್ತದೆ, ಇನ್ನೊಂದು ಗಟ್ಟಿ ಸದ್ದನ್ನು ತಗ್ಗಿಸುತ್ತದೆ, ಮತ್ತೊಂದು ಅನುರಣನವನ್ನು ಸೇರಿಸುತ್ತದೆ. ಇವನ್ನು ಮಕ್ಕಳ ಆಟದ ಇಟ್ಟಿಗೆಗಳಂತೆ ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ಈ ಬಿಡಿ ಇಟ್ಟಿಗೆಗಳಿಗೇ 'ಮಾಡ್ಯೂಲ್' ಎಂಬ ಹೆಸರು.

ನೀವು ಬೆರಳಿನಿಂದ ಎಳೆದು ಕೂರಿಸುವ ಆ ಒಂದೊಂದು ಇಟ್ಟಿಗೆಗೂ ಒಂದು ಪೂರ್ವಜನ್ಮವಿದೆ. ಒಂದು ಕಾಲಕ್ಕೆ ಅದು ಕಟ್ಟಡವಾಗಿತ್ತು, ಇಲ್ಲವೇ ಕಬ್ಬಿಣದ ಬೀರುವಿನಷ್ಟು ದೊಡ್ಡ ಯಂತ್ರವಾಗಿತ್ತು, ಇಲ್ಲವೇ ಹಾಡುವವರು ಹಿಂದಕ್ಕಿಡುತ್ತಿದ್ದ ಒಂದು ಹೆಜ್ಜೆಯಾಗಿತ್ತು. ಆ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಸಾಕಷ್ಟಿದೆ.

ಗುಮ್ಮಟವೆಂಬ ಯಂತ್ರ

ಮುದ್ದೇಬಿಹಾಳ ಸೀಮೆಯ ಶಾಲೆಯ ಮಕ್ಕಳು ಪ್ರವಾಸವೆಂದು ವಿಜಾಪುರಕ್ಕೆ ಹೋದರೆ ಗೋಳಗುಮ್ಮಟದ ಮೆಟ್ಟಿಲು ಹತ್ತಿ ಒಮ್ಮೆ ಕೂಗದೆ ಬರುವುದುಂಟೇ? ಮಹಮ್ಮದ್ ಆದಿಲ್ ಶಾಹನ ಈ ಸಮಾಧಿ 1656ರ ಸುಮಾರಿಗೆ ಈಗಿರುವ ರೂಪಕ್ಕೆ ಬಂತು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಆ ಸದ್ದು ಎದುರು ಗೋಡೆ ಮುಟ್ಟಿ ಮರಳಲು 76 ಮೀಟರ್ ಸಾಗಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಎಂದು ಹಿಡಿದರೆ ಇದಕ್ಕೆ 0.22 ಸೆಕೆಂಡು ಬೇಕು. ಎರಡು ಚುಟುಕು ಸದ್ದುಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಬಿಡುವಿದ್ದರೆ ಸಾಕು, ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಹಾಗಾಗಿ ಇಲ್ಲಿ ನಿಮಗೆ ಬಿಡಿಬಿಡಿ ಪ್ರತಿಧ್ವನಿ ಕೇಳುತ್ತದೆ. ಬಿಡುವು ಇನ್ನೂ ಕಡಿಮೆಯಾಗಿ, ಮರಳುವ ಸದ್ದುಗಳು ಒಂದರೊಳಗೊಂದು ಬೆರೆತು ಉದ್ದನೆಯ ಬಾಲದಂತೆ ಕೇಳಿದರೆ ಅದು ಅನುರಣನ. ಮೊದಲನೆಯದನ್ನು ಸ್ಟುಡಿಯೋದವರು 'ಡಿಲೇ' ಎನ್ನುತ್ತಾರೆ, ಎರಡನೆಯದನ್ನು 'ರಿವರ್ಬ್'. ಟ್ಯಾಬ್ಲೆಟ್ಟಿನಲ್ಲಿ ಡಿಲೇ ಮಾಡ್ಯೂಲಿಗೆ 220 ಮಿಲಿಸೆಕೆಂಡು ಎಂದು ಕೊಟ್ಟು ನೋಡಿ. ಗುಮ್ಮಟದ ಒಂದು ಗುಣ ನಿಮ್ಮ ಅಂಗೈಗೆ ಬಂದಿರುತ್ತದೆ.

ಗುಮ್ಮಟದ ಪಿಸುಮಾತು ಇನ್ನೊಂದು ಸೋಜಿಗ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಬಾಗಿದ ಗೋಡೆಯನ್ನೇ ಅಪ್ಪಿಕೊಂಡು ಸದ್ದು ಸಾಗುತ್ತದೆಂದು ಇದಕ್ಕೆ ವಿವರಣೆ ಕೊಟ್ಟವನು ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ. ನಮ್ಮ ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಸದರ್ಲೆಂಡ್ ಎಂಬವರ ಜೊತೆ ಪ್ರಯೋಗ ನಡೆಸಿ, ಆ ವಿವರಣೆಗೆ ಸೇರಬೇಕಾದ ಅಂಶಗಳಿವೆಯೆಂದು ತೋರಿಸಿದರು. ಮರುವರ್ಷ ಇಂಥ ಗ್ಯಾಲರಿಗಳ ಬಗ್ಗೆಯೇ ಪ್ರತ್ಯೇಕ ಪ್ರಬಂಧ ಪ್ರಕಟಿಸಿದರು. ಬೆಳಕಿನ ಚದರಿಕೆಗೆ ನೊಬೆಲ್ ಬಂದದ್ದರಿಂದ ರಾಮನ್ನರ ಶಬ್ದಶಾಸ್ತ್ರದ ಕೆಲಸ ಮರೆಯಾದದ್ದು ನಮಗಾದ ನಷ್ಟ. ಮೃದಂಗದ ಬಗ್ಗೆ ಅವರು ಮಾಡಿದ ಕೆಲಸ ಮುಂದೆ ನಮಗೆ ಬೇಕಾಗುತ್ತದೆ.

ಅನುರಣನವನ್ನು ಅಳೆಯಬಹುದೆಂದು ತೋರಿಸಿಕೊಟ್ಟವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್. ಅಲ್ಲಿನ ಒಂದು ಉಪನ್ಯಾಸ ಮಂದಿರದಲ್ಲಿ ಒಂದು ಮಾತು ಆರುವುದಕ್ಕೆ ಸುಮಾರು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. 1895ರಿಂದ ಸೇಬಿನ್ ರಾತ್ರಿ ಹೊತ್ತು, ಬೀದಿ ಗದ್ದಲ ನಿಂತ ಮೇಲೆ, ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹಾಸುತ್ತ, ಒಂದು ಆರ್ಗನ್ ಕೊಳವೆ ಮತ್ತು ಒಂದು ಗಡಿಯಾರ ಇಟ್ಟುಕೊಂಡು ಅಳೆದ. ಕೋಣೆಯ ಗಾತ್ರ ಹೆಚ್ಚಿದಂತೆ ಅನುರಣನ ಹೆಚ್ಚುತ್ತದೆ, ಸದ್ದನ್ನು ಹೀರುವ ಮೈ ಹೆಚ್ಚಿದಂತೆ ಕುಗ್ಗುತ್ತದೆ ಎಂಬ ಸರಳ ಸೂತ್ರ ಅದರಿಂದ ಹುಟ್ಟಿತು. ಶಬ್ದದ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವನ್ನು ಇಂದು ಅನುರಣನ ಕಾಲ ಎನ್ನುತ್ತೇವೆ. ರಿವರ್ಬ್ ಆಪ್‌ನಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಕಾಣುವ ಗುಂಡಿ ಇದೇ. ನಿಮ್ಮ ಪಡಸಾಲೆಯ ಮುದ್ರಣ ಕೆಟ್ಟರೆ ಆಪ್ ತೆರೆಯುವ ಮೊದಲು ಸೇಬಿನ್ನನ ಉಪಾಯ ಮಾಡಿ. ಬರಿಗೋಡೆಗಳ ಮೇಲೆ ನಾಲ್ಕು ಕೌದಿ ತೂಗುಹಾಕಿ.

ಕಹಳೆಯ ಮುಂದೆ

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. ಆಗ ಮೈಕೂ ಇರಲಿಲ್ಲ, ವಿದ್ಯುತ್ ವರ್ಧಕವೂ ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ಗಾಳಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮಿಕ್ಸಿಂಗ್ ಹೇಗೆ? ನಡಿಗೆಯಿಂದ! ಗಟ್ಟಿಯಾದ ವಾದ್ಯ ದೂರ, ಮೆತ್ತನೆಯದು ಹತ್ತಿರ. ಹಾಡುವವರು ತಾರಸ್ಥಾಯಿಗೆ ಏರುವಾಗ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಇಲ್ಲವಾದರೆ ಸೂಜಿ ಗೆರೆಯಿಂದ ಹಾರುತ್ತದೆ. ಇಂದಿನ ಕಂಪ್ರೆಸರ್ ಮಾಡ್ಯೂಲ್ ಮಾಡುವುದು ಇದನ್ನೇ, ಹೆಚ್ಚೇನೂ ಅಲ್ಲ.

ಗೌಹರ್ ಜಾನ್ ಅವರ ಕೊನೆಯ ದಿನಗಳು ನಮ್ಮ ನಾಡಿನಲ್ಲೇ ಕಳೆದವು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದ ಅವರು 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ತಂತ್ರ ಬದಲಾಗಿತ್ತು. 1925ರಲ್ಲಿ ಮೈಕು ಮತ್ತು ವಿದ್ಯುತ್ ವರ್ಧಕದ ಮುದ್ರಣ ಬಂತು. ಕಹಳೆಗೆ ಕೇಳುವಂತೆ ಒದರಬೇಕಾದ ಕಷ್ಟ ತಪ್ಪಿತು. ಮೆಲ್ಲಗೆ, ಪಕ್ಕದವರಿಗೆ ಹೇಳುವಂತೆ ಹಾಡಿದರೂ ತಟ್ಟೆಯ ಮೇಲೆ ಮೂಡತೊಡಗಿತು. ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಹಿಂದಿ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದದ್ದು ಈ ಮೈಕಿನ ಯುಗದಲ್ಲಿ. ಗಂಗೂಬಾಯಿ ಹಾನಗಲ್ಲರ ಮೊದಲ ಎಚ್‌ಎಂವಿ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ನಾವು ಬಲ್ಲ ಆ ಗಂಭೀರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ್ದು. ಈ ಸಂಗತಿ ತಿಳಿಯದವರು ಆ ಹಳೆಯ ತಟ್ಟೆಯನ್ನು ಆಪ್‌ಗೆ ಹಾಕಿ, 'ಮುದ್ರಣ ಸಪ್ಪೆಯಾಗಿದೆ' ಎಂದು ಮಂದ್ರ ಏರಿಸಿ ದನಿಯನ್ನು 'ಸರಿಪಡಿಸಿದರೆ' ಏನಾದೀತು? ಚರಿತ್ರೆಯನ್ನೇ ತಿದ್ದಿದಂತಾದೀತು.

ರೇಡಿಯೋ ಕಲಿಸಿದ ಮಿತಿ

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಒಂದು ಪ್ರೇಷಕವಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದ ಕಥೆ ನಿಮಗೆ ಗೊತ್ತು. ರೇಡಿಯೋ ಪ್ರೇಷಕಕ್ಕೆ ಒಂದು ಗಡಿಯಿದೆ. ಸಂಕೇತ ಅದನ್ನು ಮೀರಿದರೆ ದನಿ ಹರಿದುಹೋಗುತ್ತದೆ, ಉಪಕರಣಕ್ಕೂ ಅಪಾಯ. ಹಾಗೆಂದು ಸದ್ದನ್ನು ತೀರಾ ತಗ್ಗಿಸಿಟ್ಟರೆ ದೂರದ ಕೇಳುಗನಿಗೆ ಗರಗರ ಸದ್ದಿನ ನಡುವೆ ಮಾತೇ ಕೇಳದು. ಮೊದಮೊದಲು ಒಬ್ಬ ತಂತ್ರಜ್ಞ ಗುಂಡಿ ಹಿಡಿದು ಕುಳಿತು ಏರಿಸಿ ಇಳಿಸುತ್ತಿದ್ದ. 1930ರ ದಶಕದಲ್ಲಿ ಆ ಕೆಲಸವನ್ನು ನಿರ್ವಾತ ಕೊಳವೆಗಳ ಮಂಡಲವೊಂದು ತಾನಾಗಿ ಮಾಡತೊಡಗಿತು. ಕಂಪ್ರೆಸರ್ ಮತ್ತು ಅದರ ಬಿಗಿ ರೂಪವಾದ ಲಿಮಿಟರ್ ಹುಟ್ಟಿದ್ದು ಹೀಗೆ.

ಇದರ ಲೆಕ್ಕ ಸುಲಭ. ಅಂಕೀಯ ಮುದ್ರಣದಲ್ಲಿ ಅತಿ ಗಟ್ಟಿ ಸದ್ದಿಗೆ 0 ಡೆಸಿಬೆಲ್ ಎಂದು ಗುರುತು, ಉಳಿದುದೆಲ್ಲ ಅದರ ಕೆಳಗೆ. ಕಂಪ್ರೆಸರಿನ ಹೊಸ್ತಿಲನ್ನು ಮೈನಸ್ 18ಕ್ಕೆ ಇಟ್ಟು, ಅನುಪಾತವನ್ನು 4ಕ್ಕೆ 1 ಎಂದು ಕೊಡಿ. ಹಾಡುಗಾರ ಒಮ್ಮೆಲೇ ದನಿಯೇರಿಸಿ ಮೈನಸ್ 6ಕ್ಕೆ ಮುಟ್ಟಿದನೆನ್ನಿ. ಹೊಸ್ತಿಲನ್ನು ಅವನು 12 ಡೆಸಿಬೆಲ್ ದಾಟಿದ. ಕಂಪ್ರೆಸರ್ ಅದರ ಕಾಲುಭಾಗವನ್ನಷ್ಟೇ, ಅಂದರೆ 3 ಡೆಸಿಬೆಲ್ಲನ್ನು, ಬಿಡುತ್ತದೆ. ಹೊರಬರುವುದು ಮೈನಸ್ 15. ಈಗ ಒಟ್ಟು ಸದ್ದನ್ನು ಕೆಲವು ಡೆಸಿಬೆಲ್ ಏರಿಸಿದರೆ ಮೆಲುದನಿಯ ನುಡಿಗಳೂ ಮೇಲೆ ಬರುತ್ತವೆ. ಹಿತವಾಗಿ ಬಳಸಿದರೆ ಇದು ವರ. ಮಿತಿ ಮೀರಿದರೆ ಪಿಸುಮಾತಿಗೂ ಕೂಗಿಗೂ ಭೇದವೇ ಉಳಿಯುವುದಿಲ್ಲ.

ಪಟ್ಟಣದ ಸ್ವತ್ತು

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂತು. ಅದನ್ನು ತಯಾರಿಸಿದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಧ್ವನಿಮುದ್ರಣದ ಸೌಕರ್ಯ ಆಗ ಕನ್ನಡ ನಾಡಿನಲ್ಲಿರಲಿಲ್ಲ. ಆಮೇಲೂ ಬಹುಕಾಲ ನಮ್ಮ ಚಿತ್ರಗೀತೆಗಳು ಮದ್ರಾಸಿನಲ್ಲೇ ಮುದ್ರಣವಾದವು. ಒಂದು ವಿಚಿತ್ರವನ್ನೂ ನೋಡಿ. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್‌ನ ಸಂಗೀತಕ್ಕೆ ಮಾರುಹೋಗಿ, ಅದರ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. 1947ರಲ್ಲಿ ಲಂಡನ್ನಿನ ಅಬೆ ರೋಡ್ ಸ್ಟುಡಿಯೋದಲ್ಲಿ ಮುಪ್ಪಿನ ಮೆಟ್ನರ್ ತಾನೇ ಪಿಯಾನೋ ನುಡಿಸಿದ. ಅಂದಿನ ಅತ್ಯುತ್ತಮ ಮುದ್ರಣ ತಂತ್ರಕ್ಕೆ ಮೈಸೂರಿನ ಹಣ ಸಂದಿತು. ನಮ್ಮ ಗೀಗೀ ಮೇಳಗಳಿಗೆ ಅಂಥ ಭಾಗ್ಯವಿರಲಿಲ್ಲ. ಅರಸರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರ ರಸಿಕತೆಯಿಂದಲೇ ಆ ಸಂಗೀತ ಉಳಿದದ್ದು. ಆದರೆ ಮುದ್ರಣಕ್ಕೆ ಒಂದು ಅರಮನೆಯ ಬೆಂಬಲ ಬೇಕಾಗುತ್ತಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಆಗಿನ ಸ್ಟುಡಿಯೋಗಳಲ್ಲಿ ಅನುರಣನಕ್ಕೆಂದೇ ಒಂದು ಖಾಲಿ ಕೋಣೆ ಇರುತ್ತಿತ್ತು. ಒಂದು ತುದಿಯಲ್ಲಿ ಧ್ವನಿವರ್ಧಕ, ಇನ್ನೊಂದು ತುದಿಯಲ್ಲಿ ಮೈಕು. ಒಣ ದನಿಯನ್ನು ಆ ಕೋಣೆಯೊಳಗೆ ಕಳಿಸಿ, ಪ್ರತಿಧ್ವನಿ ತುಂಬಿಕೊಂಡು ಬಂದದ್ದನ್ನು ಮೂಲದೊಡನೆ ಬೆರೆಸುತ್ತಿದ್ದರು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಕೋಣೆಯ ಬದಲು ಒಂದು ಉಕ್ಕಿನ ತಗಡು ತಂದಿತು. ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳು ತಗಡನ್ನು ಚೌಕಟ್ಟಿಗೆ ಬಿಗಿದು ಅಲುಗಿಸಿದರೆ ಅದರ ನಡುಕವೇ ಅನುರಣನದಂತೆ ಕೇಳುತ್ತಿತ್ತು. ಇಡೀ ಯಂತ್ರದ ತೂಕ 270 ಕಿಲೋ ಆಸುಪಾಸು. ಆಪ್‌ಗಳಲ್ಲಿ 'ಪ್ಲೇಟ್' ಎಂಬ ಆಯ್ಕೆ ಕಂಡಾಗ ಈ ತಗಡನ್ನು ನೆನೆಯಿರಿ.

1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ತೆರೆದಾಗ ಕನ್ನಡ ಚಿತ್ರಗಳ ಮುದ್ರಣಕ್ಕೆ ಮನೆಯಲ್ಲೇ ಒಂದು ನೆಲೆ ಸಿಕ್ಕಿತು. 1978ರ 'ನಿತ್ಯೋತ್ಸವ' ತೆರೆದ ಭಾವಗೀತೆಗಳ ಕ್ಯಾಸೆಟ್ ದಾರಿಯಲ್ಲಿ ಜನಪದರೂ ನಡೆದರು. ಉತ್ತರ ಕರ್ನಾಟಕದ ಬಸ್ ನಿಲ್ದಾಣಗಳ ಅಂಗಡಿಗಳಲ್ಲಿ ಗೀಗೀ ಪದ, ಡೊಳ್ಳಿನ ಪದ, 'ಸಂಗ್ಯಾ ಬಾಳ್ಯಾ', 'ಶ್ರೀಕೃಷ್ಣ ಪಾರಿಜಾತ'ದ ಕ್ಯಾಸೆಟ್ಟುಗಳು ತೂಗಾಡಿದವು. ಆದರೂ ಮುದ್ರಿಸಲು ಮೇಳ ಪಟ್ಟಣಕ್ಕೇ ಹೋಗಬೇಕಿತ್ತು. ಬಾಡಿಗೆ ಗಂಟೆಗಿಷ್ಟು ಎಂದು ಕೊಡುತ್ತ, ರಾತ್ರಿಯಿಡೀ ಹಾಡುವ ಪದವನ್ನು ಕ್ಯಾಸೆಟ್ಟಿನ ಎರಡು ಬದಿಗೆ ಮೊಟಕುಗೊಳಿಸಬೇಕಿತ್ತು.

ಬೆಂಗಳೂರಿನಿಂದ ಬೆಲ್ ಪ್ರಯೋಗಾಲಯಕ್ಕೆ

ಕೋಣೆ ಮತ್ತು ತಗಡುಗಳನ್ನು ಗಣಿತವಾಗಿಸಿದವನು ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್. ಶಬ್ದವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳ ಸಾಲಾಗಿಸಬಹುದಾದರೆ, ಆ ಅಂಕಿಗಳನ್ನು ತುಸು ತಡೆದು, ತುಸು ಕುಗ್ಗಿಸಿ, ಮತ್ತೆ ಮೂಲಕ್ಕೇ ಕೂಡಿಸಿದರೆ ಪ್ರತಿಧ್ವನಿಯಾಗಬೇಕಲ್ಲವೇ? ಆಗುತ್ತದೆ, ಆದರೆ ತಗಡಿನ ಡಬ್ಬಿಯೊಳಗೆ ಮಾತಾಡಿದಂತೆ ಕೇಳುತ್ತದೆ. ಒಂದೇ ಅಂತರದಲ್ಲಿ ಮರಳುವ ಸದ್ದು ಕೆಲವು ಆವೃತ್ತಿಗಳನ್ನು ಎತ್ತಿಹಿಡಿದು ಉಳಿದವನ್ನು ಅಳಿಸುವುದೇ ಇದಕ್ಕೆ ಕಾರಣ. 1962ರ ಪ್ರಬಂಧದಲ್ಲಿ ಶ್ರೋಡರ್ ಇದಕ್ಕೆ ಮದ್ದು ಸೂಚಿಸಿದ. ಒಂದಕ್ಕೊಂದು ಹೊಂದದ ಅಂತರಗಳಿರುವ ನಾಲ್ಕು ಸುತ್ತುಗಳನ್ನು ಪಕ್ಕಪಕ್ಕ ಇಡು. ಅವುಗಳ ಮೊತ್ತವನ್ನು, ಎಲ್ಲ ಆವೃತ್ತಿಗಳನ್ನೂ ಸಮನಾಗಿ ಬಿಡುವ ಇನ್ನೆರಡು ಸುತ್ತುಗಳ ಮೂಲಕ ಹಾಯಿಸು. ಆಗ ಮರಳುವ ಸದ್ದುಗಳು ಸೆಕೆಂಡಿಗೆ ಸಾವಿರದಷ್ಟು ದಟ್ಟವಾಗುತ್ತವೆ, ಕಿವಿ ಅವನ್ನು ಎಣಿಸಲಾರದೆ ಒಂದು ಮಂದಿರವೆಂದೇ ನಂಬುತ್ತದೆ. ಈ ದಾರಿಯಲ್ಲೇ ಮುಂದೆ ಬ್ಯಾರಿ ಬ್ಲೆಸರ್ ರೂಪಿಸಿದ ಅಂಕೀಯ ಅನುರಣನ ಯಂತ್ರವನ್ನು 1976ರಲ್ಲಿ ಅದೇ ಇಎಂಟಿ ಮಾರುಕಟ್ಟೆಗೆ ತಂದಿತು. ನಿಮ್ಮ ಆಪ್‌ನೊಳಗೆ ಇಂದಿಗೂ ಶ್ರೋಡರನ ಸುತ್ತುಗಳ ಸಂತತಿಯೇ ಓಡುತ್ತಿರಬಹುದು.

ಶ್ರೋಡರನ ಜೊತೆಗಾರರಲ್ಲಿ ಒಬ್ಬರು ಬಿಷ್ಣು ಅಟಲ್. ಕಾನ್ಪುರದಲ್ಲಿ ಹುಟ್ಟಿದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1955ರಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದರು. 1957ರಿಂದ 1960ರವರೆಗೆ ಅಲ್ಲಿಯೇ ಶಬ್ದಶಾಸ್ತ್ರ ಕಲಿಸಿದರು. 1961ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ಎರಡೇ ಧ್ವನಿವರ್ಧಕಗಳಿಂದ, ಅವುಗಳ ನಡುವಿನ ಜಾಗದ ಆಚೆಗೂ ಸದ್ದು ಬಂದಂತೆ ಭ್ರಮೆ ಹುಟ್ಟಿಸುವ ಉಪಾಯಕ್ಕೆ ಶ್ರೋಡರ್ ಮತ್ತು ಅಟಲ್ 1966ರಲ್ಲಿ ಪೇಟೆಂಟ್ ಪಡೆದರು. ಅಗಲವಾಗಿ ಹರಡಿದಂತೆ ಕೇಳಿಸುವ ಇಂದಿನ ಎಷ್ಟೋ ಮಾಡ್ಯೂಲುಗಳ ಬೇರು ಇಲ್ಲಿದೆ. ಮಾತನ್ನು ಕೆಲವೇ ಅಂಕಿಗಳಲ್ಲಿ ಕಟ್ಟಿಡುವ ಅಟಲರ ವಿಧಾನಗಳಿಂದಲೇ ಮುಂದೆ ಮೊಬೈಲ್ ಫೋನಿನ ಮಾತು ಸಾಧ್ಯವಾಯಿತು. ಅವರು ಪಾಠ ಹೇಳಿದ ಕೋಣೆ ನಮ್ಮ ಬೆಂಗಳೂರಿನಲ್ಲೇ ಇತ್ತೆಂಬುದು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತೋ!

ತಂತಿ ಚುಚ್ಚುವ ಆಟ

ಬಿಡಿ ಘಟಕಗಳನ್ನು ಬೇಕಾದಂತೆ ಜೋಡಿಸುವ ಕಲ್ಪನೆ ಬೇರೆ ಕಡೆಯಿಂದ ಬಂತು. 1964ರಲ್ಲಿ ರಾಬರ್ಟ್ ಮೂಗ್ ನ್ಯೂಯಾರ್ಕಿನಲ್ಲಿ ತನ್ನ ಸಿಂಥೆಸೈಸರನ್ನು ಪ್ರದರ್ಶಿಸಿದ. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಡಾನ್ ಬುಕ್ಲಾ ಅಂಥದನ್ನೇ ಕಟ್ಟುತ್ತಿದ್ದ. ಒಂದು ಪೆಟ್ಟಿಗೆ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಸೋಸುತ್ತದೆ, ಮತ್ತೊಂದು ಏರಿಳಿಸುತ್ತದೆ. ಯಾವುದರಿಂದ ಯಾವುದಕ್ಕೆ ಎಂಬುದನ್ನು ನೀವೇ ತಂತಿ ಚುಚ್ಚಿ ತೀರ್ಮಾನಿಸಬೇಕು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಲಗೆಯನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇಂಥ ಒಂದು ಮೂಗ್ ಯಂತ್ರ 1969ರಲ್ಲೇ ಭಾರತಕ್ಕೆ ಬಂದಿತ್ತು. ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅದನ್ನು ಸ್ಥಾಪಿಸಿಕೊಟ್ಟ. ಕೆಲವರು ಅದರಲ್ಲಿ ಪ್ರಯೋಗ ನಡೆಸಿದರು, ಆಮೇಲೆ ಆ ಕೆಲಸ ಬಹುಕಾಲ ಮರೆತೇ ಹೋಯಿತು.

ಟ್ಯಾಬ್ಲೆಟ್ಟಿನಲ್ಲಿ ಇದೆಲ್ಲ ಮರುಹುಟ್ಟು ಪಡೆದದ್ದು ಸುಲಭವಾಗಿ ಅಲ್ಲ. 2010ರಲ್ಲಿ ಐಪ್ಯಾಡ್ ಬಂದಾಗ ಒಂದು ಆಪ್‌ನ ಶಬ್ದವನ್ನು ಇನ್ನೊಂದಕ್ಕೆ ಕಳಿಸಲು ದಾರಿಯೇ ಇರಲಿಲ್ಲ. ಪ್ರತಿಯೊಂದು ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು. 2012ರ ಕೊನೆಗೆ 'ಆಡಿಯೋಬಸ್' ಎಂಬ ಆಪ್ ಆ ಬಾಗಿಲನ್ನು ತೆರೆಯಿತು. ಮರುವರ್ಷ ಆಪಲ್ ಕಂಪನಿಯೇ ತನ್ನದೊಂದು ವ್ಯವಸ್ಥೆ ಕೊಟ್ಟಿತು. 2015ರಲ್ಲಿ ಬಂದ 'ಆಡಿಯೋ ಯೂನಿಟ್'ನ ಹೊಸ ರೂಪ ನಿಜವಾದ ತಿರುವು. ಇದರಿಂದ ಒಂದು ಆಪ್ ಇನ್ನೊಂದರೊಳಗೆ ಮಾಡ್ಯೂಲಾಗಿ ಕೂರುವಂತಾಯಿತು, ಒಂದೇ ಮಾಡ್ಯೂಲಿನ ಹಲವು ಪ್ರತಿಗಳನ್ನು ತೆರೆಯುವಂತಾಯಿತು. 2016ರ 'ಎಯುಎಂ' ಇಂಥ ಮಾಡ್ಯೂಲುಗಳನ್ನು ಸಾಲಾಗಿ ಜೋಡಿಸುವ ಮಿಕ್ಸರ್. 2020ರ 'ಡ್ರಾಂಬೋ'ದಲ್ಲಂತೂ ಮೂಗ್ ಪೆಟ್ಟಿಗೆಗಳಂತೆ ಒಳಗಿನ ಚೂರುಗಳನ್ನೂ ನೀವೇ ಹೊಂದಿಸಬಹುದು. ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳು ಈ ದಾರಿಯಲ್ಲಿ ಹಿಂದೆ ಬಿದ್ದವು. ಮೈಕಿಗೆ ಬಿದ್ದ ಸದ್ದು ಹೊರಬರಲು ತಡವಾಗುತ್ತಿದ್ದುದೇ ಮುಖ್ಯ ತೊಡಕು. 2017ರಲ್ಲಿ ಗೂಗಲ್ ಶಬ್ದಕ್ಕೆ ಹೊಸ ಮಾರ್ಗ ಒದಗಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು, ಆದರೆ ಎಲ್ಲ ತಯಾರಕರ ಉಪಕರಣಗಳಲ್ಲೂ ಒಂದೇ ಸಮನಾಗಿ ಅಲ್ಲ.

ತಡ ಎಂದರೆ ಎಷ್ಟು? ಟ್ಯಾಬ್ಲೆಟ್ ಸೆಕೆಂಡಿಗೆ 48,000 ಅಳತೆ ತೆಗೆದುಕೊಳ್ಳುತ್ತ, 256 ಅಳತೆಗಳ ಒಂದೊಂದು ಕಟ್ಟು ತುಂಬಿದ ಮೇಲೆ ಲೆಕ್ಕ ಮಾಡುತ್ತದೆ ಎನ್ನೋಣ. ಒಂದು ಕಟ್ಟಿಗೆ 5.3 ಮಿಲಿಸೆಕೆಂಡು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಎರಡು ಮೀಟರಿಗೂ ತುಸು ಕಡಿಮೆ ದೂರ ಹೋಗಿರುತ್ತದೆ. ಜೊತೆಗಾರ ಒಂದು ಮಾರಿನಷ್ಟು ದೂರ ಕೂತರೆ ಮೇಳಕ್ಕೇನು ಧಕ್ಕೆಯಿಲ್ಲ. ಇದೇ ತಡ ಇಪ್ಪತ್ತು ಪಟ್ಟು ಹೆಚ್ಚಿದರೆ, ಕಿವಿಯಲ್ಲಿ ತನ್ನದೇ ದಪ್ಪಿನ ಸದ್ದು ಕೇಳುತ್ತ ಬಾರಿಸುವವನು ತಾಳ ತಪ್ಪುತ್ತಾನೆ. ಮುದ್ರಿಸುವಾಗ ಕಟ್ಟು ಚಿಕ್ಕದಿರಲಿ, ಆಮೇಲೆ ಮಿಕ್ಸಿಂಗಿಗೆ ದೊಡ್ಡದು ಮಾಡಿಕೊಳ್ಳಿ. ಹಾಗೆ ಮಾಡಿದರೆ ಟ್ಯಾಬ್ಲೆಟ್ಟಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಮತ್ತೆ ಪಡಸಾಲೆಗೆ

ಮುದ್ದೇಬಿಹಾಳದಿಂದ ನಾರಾಯಣಪುರದತ್ತ ಹೋಗುವ ದಾರಿಯಲ್ಲಿರುವ, ವೀರೇಶ್ವರ ಶರಣರ ಊರಾದ ನಾಲತವಾಡದ ಆ ಪಡಸಾಲೆಯಲ್ಲಿ ಈಗ ಏನು ಮಾಡುವುದು? ಟ್ಯಾಬ್ಲೆಟ್ಟಿನ ಚಾರ್ಜರ್ ಕಿತ್ತುಬಿಡಿ. ಬ್ಯಾಟರಿಯ ಮೇಲೆ ಓಡುವಾಗ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ನುಸುಳುವುದು ಕಡಿಮೆ, ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ. ದೊಡ್ಡ ಸ್ಟುಡಿಯೋಗಳಿಗೂ ಇಲ್ಲದ ಅನುಕೂಲವಿದು. ಸದ್ದಿನ ಮಟ್ಟ ಮೈನಸ್ 12ರ ಆಸುಪಾಸಿಗೆ ನಿಲ್ಲಲಿ. 24 ಬಿಟ್ ಮುದ್ರಣದಲ್ಲಿ ಕೆಳಗೆ ಬೇಕಾದಷ್ಟು ಜಾಗವಿದೆ, 0 ದಾಟಿ ಹರಿದ ದನಿಯನ್ನು ಮಾತ್ರ ಯಾವ ಆಪ್ ಕೂಡ ಪೂರ್ತಿ ಹೊಲಿಯಲಾರದು.

ಮಾಡ್ಯೂಲುಗಳ ಕ್ರಮಕ್ಕೂ ಬೆಲೆಯಿದೆ. ಮೊದಲು ಕಂಪ್ರೆಸರ್ ಇಟ್ಟು ಆಮೇಲೆ ಬೇಡದ ಮಂದ್ರವನ್ನು ತೆಗೆದರೆ, ದಪ್ಪಿನ ಗುದ್ದಿಗೆ ಕಂಪ್ರೆಸರ್ ಬೆದರಿ ಹಾಡುಗಾರನ ದನಿಯನ್ನೂ ಪ್ರತಿ ಪೆಟ್ಟಿಗೆ ತಗ್ಗಿಸುತ್ತದೆ. ಮೊದಲು ಸೋಸಿ, ಆಮೇಲೆ ಒತ್ತಿದರೆ ಆ ತೊಂದರೆ ಕಡಿಮೆ. ಅನುರಣನವನ್ನು ಸಾಲಿನಲ್ಲಿ ಇಡದೆ ಪಕ್ಕದ ಕವಲಿನಲ್ಲಿಟ್ಟು ಬೇಕಾದಷ್ಟೇ ಬೆರೆಸಿ. ಇದು ಹಳೆಯ ಖಾಲಿ ಕೋಣೆಯ ಪದ್ಧತಿಯೇ.

ಫೋನಿನಲ್ಲಿ ಕೇಳುವವರನ್ನೂ ಮರೆಯಬೇಡಿ. ಅದರ ಚಿಕ್ಕ ಸ್ಪೀಕರ್ ಕೆಳಗಿನ ಆವೃತ್ತಿಗಳನ್ನು ಹೊರಡಿಸಲಾರದು. ಡೊಳ್ಳಿನ ಮೂಲಸ್ವರವೇ ಅಲ್ಲಿ ಕಾಣೆ. ಆದರೂ ಅದು ಡೊಳ್ಳೆಂದು ನಮಗೆ ಗೊತ್ತಾಗುವುದು ಮೇಲಿನ ಉಪಸ್ವರಗಳಿಂದ. 1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ನಮ್ಮ ಮೃದಂಗ, ತಬಲಾಗಳ ಕರಣೆ ಹೇಗೆ ಉಪಸ್ವರಗಳನ್ನು ಸುಸ್ವರವಾಗಿ ಹೊಂದಿಸುತ್ತದೆಂದು ತೋರಿಸಿದ್ದರು. ಡೊಳ್ಳಿಗೆ, ದಪ್ಪಿಗೆ ಆ ಕರಣೆ ಇಲ್ಲ. ಅವುಗಳ ಉಪಸ್ವರ ಒರಟು, ಆ ಒರಟೇ ಅವುಗಳ ಗುರುತು. ಅದನ್ನು ನುಣುಪು ಮಾಡಹೋದರೆ ಯಾವ ಊರಿನದೂ ಅಲ್ಲದ ಒಂದು ಸದ್ದು ಉಳಿಯುತ್ತದೆ.

ಗಟ್ಟಿಯಾಗಿಸುವ ಪೈಪೋಟಿಯೂ ಇದೆ. ಟ್ರ್ಯಾಕ್ಟರ್ ಮೇಲಿನ ಡೀಜೆ ಪೆಟ್ಟಿಗೆಗಳಿಗೆಂದು ಲಿಮಿಟರಿನಲ್ಲಿ ಹಿಂಡಿದ ಹಾಡುಗಳನ್ನು ನೀವು ಕೇಳಿದ್ದೀರಿ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಕಿವಿಗೆ ತೋರುವ ಗಟ್ಟಿತನವನ್ನು ಅಳೆಯಲು ಒಂದು ಮಾನಕ ಗೊತ್ತುಮಾಡಿತು. 2010ರಲ್ಲಿ ಯೂರೋಪಿನ ಪ್ರಸಾರಕರು ಅದರ ಆಧಾರದ ಮೇಲೆ ಮಿತಿ ಹಾಕಿಕೊಂಡರು. ಇಂಟರ್‌ನೆಟ್ಟಿನ ದೊಡ್ಡ ಹಾಡಿನ ತಾಣಗಳೂ ಈಗ ಹೀಗೆಯೇ ಅಳೆದು, ತೀರಾ ಗಟ್ಟಿಯಾದದ್ದನ್ನು ತಾವೇ ಇಳಿಸುತ್ತವೆ. ಹಿಂಡಿದವರಿಗೆ ಅಲ್ಲಿ ಲಾಭವಿಲ್ಲ. ಇಳಿದ ಮೇಲೆ ಉಳಿಯುವುದು ಹಿಂಡಿದ ನೋವು ಮಾತ್ರ.

ಇನ್ನು ಹಳೆಯ ಕ್ಯಾಸೆಟ್ಟುಗಳ ಮಾತು. ನಿಮ್ಮ ಊರಿನ ಅಟ್ಟದ ಮೇಲೆ, ಈಗ ಇಲ್ಲದ ಹಾಡುಗಾರರ ದನಿ ಧೂಳು ತಿನ್ನುತ್ತ ಕೂತಿರಬಹುದು. ಟೇಪಿನ ಮೇಲಿನ ಕಾಂತೀಯ ಲೇಪ ಹಬೆ ಬಿಸಿಲಿಗೆ ಕೆಡುತ್ತದೆ, ಓಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಅವನ್ನು ಟ್ಯಾಬ್ಲೆಟ್ಟಿಗೆ ಇಳಿಸಿಕೊಳ್ಳುವ ಮೊದಲು ಪ್ಲೇಯರಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ನೋಡಿ. ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ತಾರ ಆವೃತ್ತಿಗಳು ಮಾಯವಾಗುತ್ತವೆ. ತಾಳದ ಝಣತ್ಕಾರ ಅತಿ ಸ್ಪಷ್ಟವಾಗಿ ಕೇಳುವವರೆಗೆ ಅದನ್ನು ಮೆಲ್ಲಗೆ ತಿರುಗಿಸಿ. ಇದನ್ನು ಬಿಟ್ಟು ಆಮೇಲೆ ಆಪ್‌ನಲ್ಲಿ ತಾರ ಏರಿಸಿದರೆ ಏರುವುದು ಟೇಪಿನ ಸುಸ್‌ಸುಸ್ ಸದ್ದಷ್ಟೇ. ಸದ್ದು ತೆಗೆಯುವ ಮಾಡ್ಯೂಲನ್ನು ಒಮ್ಮೆಗೇ ಬಿಗಿಯಾಗಿ ಹಾಕಬೇಡಿ. ಒಂದೇ ಸಮನೆ ನುಡಿಯುವ ತುಂತುಣಿಯನ್ನು ಅದು ಗೊಣಗಾಟವೆಂದೇ ಎಣಿಸಿ ಅಳಿಸಬಹುದು. ಹಾಡುಗಾರನ ಎರಡು ನುಡಿಗಳ ನಡುವಿನ ಉಸಿರನ್ನೂ ಕತ್ತರಿಸಬಹುದು. ಯಾವ ಮಾಡ್ಯೂಲೂ ಮುಟ್ಟದ ಮೊದಲ ಪ್ರತಿಯನ್ನು, ಅದೆಷ್ಟೇ ಗರಗರ ಎನ್ನಲಿ, ಹಾಡಿದವರ ಹೆಸರು, ಊರು, ಇಸವಿ ಬರೆದು ಎರಡು ಬೇರೆ ಬೇರೆ ಕಡೆ ಇಡಿ. ಹದಮಾಡುವ ಕೆಲಸವೆಲ್ಲ ಅದರ ನಕಲಿನ ಮೇಲೆ.